ಹರಿಯದ ನಾಳಗಳು

ಮಂಗಳವಾರ, ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಮೂರು ವಾರದಿಂದ ಕಾಗದ ಬರೆಯಲಿಲ್ಲ, ತಪ್ಪು ನನ್ನದೇ. ಪಾದದ ಹುಣ್ಣು ಹೇಗಿದೆ? ಬಸ್ಸು ಓಡಿಸಬೇಡ ಎಂದರೆ ಕೇಳುವ ಆಸಾಮಿ ನೀನಲ್ಲ. ಬ್ರೇಕ್ ಒತ್ತುವ ಕಾಲೇ ಅದು ಎನ್ನುವುದಾದರೂ ನೆನಪಿರಲಿ.

ಇಲ್ಲಿ ನಾನು ದೊಡ್ಡ ಜಗಳವನ್ನೇ ಮಾಡಿಕೊಂಡಿದ್ದೇನೆ. ಆರದ ಹುಣ್ಣಿಗೆಂದು ನಮ್ಮ ಪ್ರಯೋಗಾಲಯದಲ್ಲಿ ಔಷಧಿ ತಯಾರಾಗುತ್ತಿತ್ತಲ್ಲ, ಅದರ ವರದಿಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟೆ.

ಕಾರಣ ಕೇಳು. ಉಸಿರು ಸಾಲದ ಜೀವಕೋಶ ಸುಮ್ಮನೆ ಸಾಯುವುದಿಲ್ಲ, ‘ರಕ್ತ ಕಳಿಸಿ’ ಎಂದು ಸಂಕೇತ ಬಿಡುತ್ತದೆ. ಅದು ತಲುಪಿದ ಕೂಡಲೇ ಹತ್ತಿರದ ರಕ್ತನಾಳದ ಗೋಡೆಯಿಂದ ಒಂದು ಕೋಶ ಮುಂದಾಳಾಗಿ ಹೊರಡುತ್ತದೆ. ಹೊರಡುವಾಗ ಪಕ್ಕದವಕ್ಕೆ ಇನ್ನೊಂದು ಸಂಕೇತ ಕೊಡುತ್ತದೆ: ನೀವು ನುಗ್ಗಬೇಡಿ, ಹಿಂದೆ ನಿಂತು ಕೊಳವೆ ಕಟ್ಟಿ. ನಮ್ಮ ಔಷಧಿ ಈ ಎರಡನೆಯ ಮಾತಿನ ಬಾಯಿ ಮುಚ್ಚಿಸುತ್ತದೆ. ಆಮೇಲೆ ಎಲ್ಲವೂ ಮುಂದಾಳುಗಳೇ, ಮದುವೆ ಮನೆಯಲ್ಲಿ ನಮ್ಮ ಚಿಕ್ಕಪ್ಪಂದಿರ ಹಾಗೆ! ನಾಳಗಳೇನೋ ಮೂರು ಪಟ್ಟಾದವು. ಔಷಧಿ ಕೊಟ್ಟ ಇಲಿಯ ಬಾಲದ ನಾಳಕ್ಕೆ ಬಣ್ಣ ಬಿಟ್ಟು ನೋಡಿದೆ. ಹುಣ್ಣಿನ ಸುತ್ತ ಹುಟ್ಟಿದ ಹೊಸ ನಾಳಗಳಲ್ಲಿ ಒಂದು ತೊಟ್ಟೂ ಹರಿಯಲಿಲ್ಲ.

ನಮ್ಮ ಮುಖ್ಯಸ್ಥರು ಸಿಡುಕಿದರು. “ನಾಳ ಎಣಿಸೋದು ನಿಮ್ಮ ಕೆಲಸ. ಹರಿಯುತ್ತೋ ಇಲ್ವೋ ಅಂತ ನಿಮ್ಮನ್ನ ಯಾರ್ರೀ ಕೇಳಿದ್ರು?”

“ನಾಳೆ ಹುಣ್ಣು ಕೇಳುತ್ತೆ ಸಾರ್,” ಅಂದೆ.

“ಇಪ್ಪತ್ತು ವರ್ಷದ ಕೆಲಸ ನಿಮ್ಮದು. ಸ್ವಲ್ಪ ಯೋಚನೆ ಮಾಡಿ.”

“ಇಪ್ಪತ್ತು ವರ್ಷ ಎಣಿಸಿದೀನಿ, ಅದಕ್ಕೇ ಹೇಳ್ತಿದೀನಿ.”

ಅಷ್ಟಕ್ಕೇ ಬಿಡಲಿಲ್ಲ. ರೋಗಿಗಳ ಮೇಲಿನ ಪರೀಕ್ಷೆಗೆ ಒಪ್ಪಿಗೆ ಕೊಡುವ ಸಮಿತಿಗೆ ಬಣ್ಣ ಹರಿಯದ ಆ ನಾಳಗಳ ಚಿತ್ರಗಳನ್ನು ನಾನೇ ಕಳಿಸಿದೆ. ನಿನ್ನೆ ಅವರು ಪರೀಕ್ಷೆ ನಿಲ್ಲಿಸಿದರು. ನನ್ನ ಮೇಜನ್ನು ಇಲಿಗೂಡು ತೊಳೆಯುವ ಕೋಣೆಗೆ ಎತ್ತಿಹಾಕಿದ್ದಾರೆ. ಹಾಕಲಿ! ಸೂಕ್ಷ್ಮದರ್ಶಕ ಅವರದು, ಕಣ್ಣು ನನ್ನದು. ಗೂಡು ತೊಳೆದೇನು, ಕಂಡದ್ದನ್ನು ಕಾಣಲಿಲ್ಲ ಎಂದು ಮಾತ್ರ ಬರೆಯಲಾರೆ.

ನಿನ್ನ ಹೆಂಡತಿ, ಮಕ್ಕಳು ಎಲ್ಲರೂ ಚೆನ್ನಾಗಿರಿ. ನೂರು ಕಾಲ ಬಾಳು.

ಇಂತಿ,
ನಿನ್ನ ಹಟಮಾರಿ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಔಷಧಿ ಮೊದಲು ಕೊಡಬೇಕಿದ್ದವರ ಪಟ್ಟಿಯಲ್ಲಿ ನಿನ್ನ ಹೆಸರಿತ್ತು. ಬರೆಸಿದ್ದು ನಾನೇ. ಹೋದ ವಾರ ನಿನ್ನ ಹೆಂಡತಿ ಫೋನ್ ಮಾಡಿ ಅತ್ತಳು. “ಅತ್ತಿಗೆ, ಮುಂದಿನ ತಿಂಗಳು ಪಾದ ತೆಗೀಬೇಕಂತೆ. ಅಷ್ಟರೊಳಗೆ ನಿಮ್ಮ ಔಷಧಿ ಬರುತ್ತಾ?” ಅಂದಳು. ಅವಳ ಅಳು ತಡೆಯಲಾರದೆ “ಬರುತ್ತೆ” ಅಂದುಬಿಟ್ಟೆ. ಆಗಲೇ ನಾನು ಚಿತ್ರಗಳನ್ನು ಕಳಿಸಿಯಾಗಿತ್ತು. ನನ್ನನ್ನು ಬಾಯಿಗೆ ಬಂದಂತೆ ಬೈ, ಮನೆಗೆ ಬರಬೇಡ ಅನ್ನು. ಸಹಿ ಹಾಕಬೇಕಿತ್ತು ಅಂತ ಮಾತ್ರ ಅನ್ನಬೇಡ ಕಣೋ.