ಹೆಸರಿನ ಜಾಗ

ಟ್ರೇಲರ್ ಸೈಟ್, ಕೆಂಟ್
ಮಾರ್ಚ್ 4, ಬುಧವಾರ

ಪ್ರೀತಿಯ ದೊಡ್ಡಮ್ಮನಿಗೆ,

ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟವಳು ನಾನು. ಆದರೂ ನಮ್ಮ ಈ ಟ್ರೇಲರ್ ಮನೆಯಲ್ಲಿ ಓದಲು ಬರುವ ದೊಡ್ಡವಳು ನಾನೊಬ್ಬಳೇ. ಫೋನ್ ಮಾಡಿದರೆ ಅಮ್ಮನಿಗೆ ಕೇಳಿಸುತ್ತದೆ, ಅದಕ್ಕೇ ಕಾಗದ.

ಮಂಗಳವಾರ ಅಮ್ಮ ಕೋರ್ಟಿಗೆ ಹೋಗಬೇಕು. ತಂಗಿ ಮಿಜೆಲಿ ಮೂರು ವಾರ ಶಾಲೆ ತಪ್ಪಿಸಿದಳೆಂದು ಮೊದಲು ದಂಡ ಹಾಕಿದರು, ಈಗ ಕೇಸು. ಇದು ಎರಡನೇ ಸಲ, ಜೈಲೂ ಆಗಬಹುದು ಎಂದು ಬರೆದಿದ್ದಾರೆ. ಆ ಸಾಲನ್ನು ನಾನು ಅಮ್ಮನಿಗೆ ಓದಿ ಹೇಳಿಲ್ಲ. ಅಪ್ಪನ ಹೆಸರಿಗೆ ಒಂದು ಕಾಗದವೂ ಬಂದಿಲ್ಲ. "ಮಕ್ಳ ವಿಷ್ಯ ನಿಂದು" ಎಂದು ಮರ ಕಡಿಯುವ ಕೆಲಸಕ್ಕೆ ಹೋಗಿಬಿಡುತ್ತಾನೆ.

ಆ ಮೂರು ವಾರ ಏನಾಗಿತ್ತೆಂದು ನಿಮಗೆ ಗೊತ್ತು. ನಿಮ್ಮ ಮತ್ತು ಅಮ್ಮನ ತಾಯಿಯನ್ನು ಮಣ್ಣು ಮಾಡುವವರೆಗೆ ನಾವ್ಯಾರೂ ಅವರನ್ನು ಬಿಟ್ಟು ಕದಲಲಿಲ್ಲ. ಹೋದವರ ಹೆಸರೆತ್ತಿದರೆ ಅವರಿಗೆ ನೆಮ್ಮದಿ ಇರುವುದಿಲ್ಲವೆಂದು ಅಮ್ಮ ಅಂದಿನಿಂದ ಆ ಹೆಸರನ್ನು ಬಾಯಿಗೆ ತಂದಿಲ್ಲ.

ಶಾಲೆಯ ಹಾಜರಿ ನೋಡುವ ಮೇಡಂ ಬಂದಿದ್ದರು. ಕೆಟ್ಟವರಲ್ಲ. "ಯಾರು ತೀರ್ಕೊಂಡ್ರು ಹೇಳಮ್ಮ, ಒಂದು ಹೆಸರು ಬರ್ಕೊಂಡ್ರೆ ಇಲ್ಲಿಗೇ ಮುಗಿಯತ್ತೆ" ಎಂದರು. ಅಮ್ಮ, "ನಮ್ಮನೇಲಿ ಯಾರೂ ತೀರ್ಕೊಂಡಿಲ್ಲ. ಟೀ ಕುಡೀತೀರಾ?" ಎಂದಳು. ಅವರು ಅದನ್ನೇ ಬರೆದುಕೊಂಡು ಹೋದರು. ಹೋದವರ ಹೆಸರು ಹೇಳದಿರುವುದು ನಮ್ಮ ರೋಮಾನಿ ಜನರ ಪದ್ಧತಿ ಎಂದು ನಾನಾದರೂ ಹೇಳಬೇಕಿತ್ತು.

ಅಜ್ಜಿ ಹೋದರು ಎಂದು ಮಿಜೆಲಿ ಶಾಲೆಯಲ್ಲಿ ಹೇಳಿದಳಂತೆ. ಅದೇ ಸಂಜೆ ಅವಳನ್ನು ಕರೆದುಕೊಂಡು ಬರಲು ಅಪ್ಪನ ಅಮ್ಮ ಗೇಟಿನಲ್ಲಿ ನಿಂತಿದ್ದರು. "ಏನೇ, ನಿಮ್ಮಜ್ಜಿ ಗಟ್ಟಿಮುಟ್ಟಾಗೇ ಇದಾರಲ್ಲೇ" ಎಂದು ಟೀಚರು ನಕ್ಕರಂತೆ. ಅಂದಿನಿಂದ ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಕೋರ್ಟಿನ ಕಾಗದವನ್ನು ಅವಳೂ ಓದಿಬಿಟ್ಟಿದ್ದಾಳೆ; ಅಮ್ಮ ಜೈಲಿಗೆ ಹೋದರೆ ತನ್ನಿಂದಲೇ ಎಂದುಕೊಳ್ಳುತ್ತಾಳೆ.

ನಿನ್ನೆ ಕೋರ್ಟಿನ ಅರ್ಜಿ ತುಂಬಲು ಕೂತೆ. ತೀರಿಕೊಂಡವರ ಹೆಸರಿನ ಜಾಗಕ್ಕೆ ಬಂದಾಗ ಅಮ್ಮ ಅದರ ಮೇಲೆ ಅಂಗೈ ಇಟ್ಟಳು. "ನಂಗೇನಾದ್ರೂ ಆಗ್ಲಿ ಕಣೇ, ಹೋದವಳನ್ನ ಹೆಸರು ಹಿಡಿದು ಕರೀಬೇಡ" ಎಂದಳು.

ದೊಡ್ಡಮ್ಮ, ನೀವು ಹಿರಿಯ ಮಗಳು. ಬರೆಯಬಹುದು ಎಂದು ನೀವೊಬ್ಬರು ಹೇಳಿದರೆ ಅಮ್ಮ ಕೇಳುತ್ತಾಳೆ. ಬೇರೆ ಯಾರನ್ನು ಕೇಳಲಿ ನಾನು?

ನಿಮ್ಮ
ಕೆಜಾಯ

ಗುರುವಾರ: ಇದನ್ನು ಅಂಚೆಗೆ ಹಾಕುವ ಮೊದಲು ಇನ್ನೊಂದು ಮಾತು. ನಿಮ್ಮ ಉತ್ತರದವರೆಗೆ ಕಾಯಲಾಗಲಿಲ್ಲ. ಇಂದು ಬೆಳಿಗ್ಗೆ ಅಮ್ಮ ಏಳುವ ಮುಂಚೆ ಆ ಹೆಸರು ಬರೆದು ಅರ್ಜಿ ಕಳಿಸಿಬಿಟ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೆಸರು ಬರೆದ ಪೆನ್ನು ಮನೆಯಲ್ಲಿರಬಾರದೆಂದು ಮುರಿದು ಬೇಲಿಯಾಚೆ ಎಸೆದೆ. ಈ ಸಾಲುಗಳನ್ನು ಬರೆದದ್ದು ಮಿಜೆಲಿಯ ಶಾಲೆಯ ಪೆನ್ಸಿಲಿನಲ್ಲಿ.