ಮೀನು ಎಡಕ್ಕೆ ತಿರುಗುವಷ್ಟು ಹೊತ್ತು

ಅಪ್ಪ,

ಬದನಗುಪ್ಪೆಯ ಕಲ್ಲು ಕೊಯ್ಯುವ ಫ್ಯಾಕ್ಟರಿಯಲ್ಲಿ ದುಡಿದೂ ದುಡಿದೂ ಬಲಗಿವಿ ಕಳೆದುಕೊಂಡವನು ನೀನು. ನಿನಗೆ ಏನನ್ನಾದರೂ ಹೇಳಬೇಕಾದರೆ ಎಡಗಡೆ ಬಂದು ಎರಡು ಸಲ ಹೇಳಬೇಕಿತ್ತು. ಈಗ ಬರೆಯುತ್ತಿದ್ದೇನೆ. ಬರೆದದ್ದಕ್ಕೆ ಯಾವ ಕಿವಿಯಾದರೇನು?

ಮೈಸೂರಿನ ಲ್ಯಾಬಿಗೆ ಸೇರಿದ ಹೊಸತರಲ್ಲಿ, ಉಡಿಗಾಲದ ಟೀ ಅಂಗಡಿಯಲ್ಲಿ ನೀನು ಎಲ್ಲರೆದುರು ನನ್ನ ಕೆಲಸ ಏನೆಂದು ಕೇಳಿದ್ದೆ. ಮೀನಿನ ಮರಿಗಳಿಗೆ ಸದ್ದು ಕೇಳಿಸಿ, ಅವು ಹೇಗೆ ತಪ್ಪಿಸಿಕೊಳ್ಳುತ್ತವೆ ಅಂತ ಕ್ಯಾಮೆರಾದಲ್ಲಿ ಹಿಡಿಯುವುದು ಅಂದೆ ನಾನು. ‘ಮೀನ್ ಬೆದರ್ಸಕ್ಕೆ ಎಮ್ಮೆಸ್ಸಿ ಓದ್ಬೇಕಾಗಿತ್ತಾ? ಕೆರೆಗೆ ಒಂದ್ ಕಲ್ಲೆಸ್ದಿದ್ರೆ ಸಾಕಾಗಿತ್ತು ಕಣಮ್ಮಿ!’ ಅಂದೆ ನೀನು. ಅಂಗಡಿಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡವನೂ ನೀನೇ.

ಒಂದು ಭಾನುವಾರ ಫೋನಿನಲ್ಲಿ ತೋರಿಸಿದ್ದೆನಲ್ಲ, ನೆನಪಿದೆಯಾ? ಜೀರಿಗೆ ಕಾಳಿನಷ್ಟು ಮರಿ, ಒಳಗಿನದೆಲ್ಲ ಕಾಣುವಂಥ ಮೈ. ತಲೆಯ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ನರಕೋಶ. ಬಲಗಡೆ ಸದ್ದಾದರೆ ಬಲದ ಕೋಶ ಮಿಡಿಯುತ್ತದೆ, ಮರಿ ತಟ್ಟನೆ ಎಡಕ್ಕೆ ಬಾಗಿ ಚಿಮ್ಮುತ್ತದೆ. ನಾವು ಕಣ್ಣರೆಪ್ಪೆ ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ‘ಅಂಗಾರೆ ಅದು ಯೋಚ್ನೆನೇ ಮಾಡಕಿಲ್ವಾ?’ ಅಂತ ನೀನು ಕೇಳಿದೆ. ಯೋಚನೆ ಮಾಡುತ್ತಾ ಕೂತರೆ ಮುಂದಿನ ಯೋಚನೆ ದೊಡ್ಡ ಮೀನಿನ ಹೊಟ್ಟೆಯೊಳಗೇ ಅಂದೆ ನಾನು. ಇಬ್ಬರೂ ನಕ್ಕೆವು.

ಗುಂಡ್ಲುಪೇಟೆಗೆ ಬೀಗರೂಟಕ್ಕೆ ಹೋದ ದಿನ ಬಸ್ಸಿಳಿದು ಊಟಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದೆವು. ನಾನು ಯಾವಾಗಲೂ ನಿನ್ನ ಬಲಗಡೆ ನಡೆಯುವವಳು, ಕೇಳದ ಕಿವಿಯ ಕಡೆ. ಅವತ್ತು ನೀನು ಒಪ್ಪಲಿಲ್ಲ. ‘ಈ ಕಡೆ ಬಾರಮ್ಮಿ, ಸೀರೆಗೆ ಕೆಸ್ರು ಸಿಡೀತದ’ ಅಂದು ನನ್ನನ್ನು ಎಡಕ್ಕೆ ಎಳೆದುಕೊಂಡು ಕೈ ಹಿಡಿದೆ. ಹೊಸ ಸೀರೆ. ನಾನೂ ಬಂದುಬಿಟ್ಟೆ. ಹಿಂದಿನಿಂದ ಹಾರ್ನ್ ಬಂತು. ಎದುರಿನ ಬೈಕನ್ನು ತಪ್ಪಿಸಲು ತರಕಾರಿ ಲಾರಿ ನಮ್ಮ ಕಡೆಗೇ ವಾಲಿತ್ತು. ನಾನು ಪಕ್ಕದ ಅಂಗಡಿಯ ಮೆಟ್ಟಿಲ ಮೇಲಿದ್ದೆ. ನೀನು ಇರಲಿಲ್ಲ. ನಿನ್ನನ್ನೂ ಎಳೆದಿದ್ದರೆ…

‘ಹೆಂಗಾಯ್ತಮ್ಮಿ?’ ಅಂತ ಎಲ್ಲರೂ ಕೇಳಿದರು. ‘ಕೈ ಜಾರೋಯ್ತು’ ಅಂದೆ. ಪೊಲೀಸರಿಗೂ ಅದನ್ನೇ, ಅತ್ತೆಗೂ ಅದನ್ನೇ, ಅವ್ವನಿಗೂ ಅದನ್ನೇ ಹೇಳಿದೆ. ಜಾರಲಿಲ್ಲ ಅಪ್ಪ. ಬಿಟ್ಟೆ. ನನ್ನ ಬೆರಳು ಬಿಚ್ಚಿಕೊಂಡದ್ದು ನನಗೆ ಗೊತ್ತು. ಆದರೆ ನಮ್ಮ ಮಾತಿನಲ್ಲಿ ‘ಕೈ ಬಿಟ್ಟಳು’ ಅಂದರೆ ಏನರ್ಥ, ನಿನಗೆ ಗೊತ್ತಲ್ಲ? ಅದನ್ನು ಹೇಗೆ ಬಾಯಲ್ಲಿ ಆಡಲಿ? ತಿಥಿಯ ದಿನವೂ ಅಳು ಬರಲಿಲ್ಲ. ‘ಕಲ್ಲು ಕಣವ್ವ ಈ ಹುಡ್ಗಿ’ ಅಂತ ಯಾರೋ ಅಂದದ್ದು ಕೇಳಿಸಿತು. ಕೇಳಿಸಿತು, ಅಷ್ಟೇ.

ಲ್ಯಾಬಿಗೆ ವಾಪಸು ಹೋದ ಮೊದಲ ವಾರ, ‘ಮೀನು ಓಡಲು ತೀರ್ಮಾನಿಸಿತು’ ಎಂಬರ್ಥದಲ್ಲಿ ಏನೋ ಬರೆದಿದ್ದೆ. ನಮಗೆ ಗೈಡ್ ಆಗಿರುವ ಮೇಡಂ ಆ ಸಾಲನ್ನು ಹೊಡೆದು ಹಾಕಿ, ‘ತಿರುಗಿತು ಅಂತ ಬರಿ, ಸಾಕು. ತೀರ್ಮಾನ ಎಲ್ಲಿ ನೋಡಿದೆ ನೀನು?’ ಅಂದರು. ಎಷ್ಟು ಹಾಯೆನಿಸಿತು ಗೊತ್ತಾ? ನಾನೂ ತಿರುಗಿದೆ, ಅಷ್ಟೇ ಅಲ್ಲವಾ? ಆಸೆಯಿಂದ ಕೇಳಿಯೇಬಿಟ್ಟೆ: ‘ಮೇಡಂ, ನಮ್ಮ ತಲೆಯಲ್ಲೂ ಆ ಕೋಶ ಇದೆಯಾ?’ ಅವರಿಗೆ ನಿನ್ನ ವಿಷಯ ಗೊತ್ತಿತ್ತು. ಆದರೂ ಸುಳ್ಳು ಹೇಳಲಿಲ್ಲ. ‘ಅದೇ ಕೋಶ ಇಲ್ಲ. ನಾವು ಬೆಚ್ಚುವುದೂ ಬೇಗವೇ. ಆದರೆ ಬೆಚ್ಚಿದ ಮೇಲೆ ಮಾಡಿದ್ದನ್ನೆಲ್ಲ ಮೀನಿನ ಲೆಕ್ಕಕ್ಕೆ ಹಾಕೋಕೆ ಆಗಲ್ಲಮ್ಮ.’ ಲೇಸರ್‌ನಿಂದ ಆ ಕೋಶವನ್ನು ಕೊಂದರೂ ಮರಿಗಳು ತಪ್ಪಿಸಿಕೊಳ್ಳುತ್ತವೆ, ತುಸು ತಡವಾಗಿ. ನಾನು ಬೇಗ ಬಿಟ್ಟೆನಾ, ತಡವಾಗಿ ಬಿಟ್ಟೆನಾ? ನನ್ನ ಕೈಯನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿದಿಲ್ಲ.

ಮೊನ್ನೆ ಅವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಎದುರು ಕೂತು ಹೇಳಿಬಿಟ್ಟೆ. ‘ಅವ್ವ, ಅಪ್ಪನ ಕೈ ಜಾರ್ಲಿಲ್ಲ. ನಾನೇ ಬುಟ್ಬುಟ್ಟೆ.’ ಅವಳ ಕೈ ನಿಂತಿತು.

‘ಎಳ್ದಿದ್ರೆ ಬತ್ತಿದ್ರಾ?’

‘ಗೊತ್ತಿಲ್ಲ ಅವ್ವ.’

‘ನಂಗೂ ಗೊತ್ತಿಲ್ಲ. ನೀನು ಬುಡ್ದೆ ಇದ್ದಿದ್ರೆ ಒಂದೇ ದಿನ ಇಬ್ರಿಗೂ ಮಣ್ ಹಾಕ್ಬೇಕಾಗಿತ್ತು. ಅದೊಂದ್ ಗೊತ್ತು ಕಣಮ್ಮಿ.’ ಇಷ್ಟು ಹೇಳಿ ಅರ್ಧ ಕಾಯಿಗಳನ್ನು ನನ್ನ ಮುಂದಕ್ಕೆ ತಳ್ಳಿದಳು. ಆಗಲೂ ಅಳು ಬರಲಿಲ್ಲ ಅಪ್ಪ. ಆದರೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಹಸಿವು ಅಂತ ಗೊತ್ತಾಯಿತು.

ನಾಳೆ ಅತ್ತೆ ಬರುತ್ತಾಳಂತೆ. ನಿನ್ನ ತಂಗಿಯಲ್ಲವಾ, ಹೆಂಗಾಯ್ತು ಅಂತ ಮೊದಲಿಂದ ಇನ್ನೊಂದು ಸಲ ಕೇಳುತ್ತಾಳೆ. ಬಿಟ್ಟೆ ಅನ್ನುತ್ತೇನೆ. ಅವಳಿಗೆ ಕೇಳಿಸದಿದ್ದರೆ ಎರಡನೇ ಸಲವೂ ಅನ್ನುತ್ತೇನೆ.