ರುಚಿ ನೋಡುವವನ ಮಾತ್ರೆಗಳು

ಪ್ರೀತಿಯ ಔರೆಲಿನಾ ಅತ್ತೆ,

ಸುದ್ದಿ ಒಳ್ಳೆಯದೇ. ಆದರೆ ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ನೀವು ಕಾಗದ ಮಡಚಿಟ್ಟು ಆಲೂಗಡ್ಡೆ ಸುಲಿಯಲು ಕೂತುಬಿಡುತ್ತೀರಿ ಎಂದು ನಿಮ್ಮ ಮಗ ಎಚ್ಚರಿಸಿದ್ದಾನೆ. ಹಾಗಾಗಿ ಸ್ವಲ್ಪ ಕಾಯಿಸುತ್ತೇನೆ. ಸೆರ್ವಿಯೋ ಪಕ್ಕದ ಕೋಣೆಯಲ್ಲಿ ಶಿಳ್ಳೆ ಹಾಕುತ್ತಾ ಶರ್ಟಿಗೆ ಇಸ್ತ್ರಿ ಮಾಡುತ್ತಿದ್ದಾನೆ. ಮದುವೆಯಾಗಿ ಇಷ್ಟು ತಿಂಗಳಾದರೂ ಆ ಶಿಳ್ಳೆ ಕಿವಿಗೆ ಬಿದ್ದರೆ ನನಗೆ ಮಾಡುತ್ತಿದ್ದ ಕೆಲಸ ಮರೆತುಹೋಗುತ್ತದೆ. ಇದನ್ನೆಲ್ಲ ಅತ್ತೆಗೆ ಬರೆಯಬಾರದೇನೋ. ಬರೆದಾಯಿತು.

ಅವನ ಹೊಟ್ಟೆಯ ಹುಣ್ಣು ಮರುಕಳಿಸಿತೆಂದು ತಿಳಿದ ದಿನ ನೀವು ಇಪಿಯಾಲೆಸ್‌ನಿಂದ ಫೋನ್ ಮಾಡಿದ್ದಿರಿ. "ನನ್ನ ಮನೇಲಿದ್ದಾಗ ಕಲ್ಲು ತಿಂದ್ರೂ ಅರಗಿಸ್ಕೊಳ್ತಿದ್ದ. ನೀನು ಕಾಲಿ ಪಟ್ಟಣಕ್ಕೆ ಹೋಗಿ ಇಂಗ್ಲಿಷ್ ಕಲ್ತೆ ಕಣಮ್ಮ, ಮೆಣಸಿನಕಾಯಿ ಅಳತೆ ಮಾತ್ರ ಕಲೀಲಿಲ್ಲ," ಅಂದಿರಿ. ನಾನು ನಕ್ಕೆ. ಫೋನ್ ಇಟ್ಟ ಮೇಲೆ ಕಡಲೆಕಾಯಿ ಮೆಣಸಿನ ಚಟ್ನಿಯನ್ನೆಲ್ಲ ಚರಂಡಿಗೆ ಸುರಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಬೇಯಿಸಿದ ಆಲೂಗಡ್ಡೆ, ಓಟ್ಸ್ ಗಂಜಿ, ಮತ್ತೆ ಆಲೂಗಡ್ಡೆ. ನನ್ನ ಕೈಯಡುಗೆಯೇ ಅವನನ್ನು ಒಳಗಿಂದ ಸುಡುತ್ತಿದೆ ಎಂದು ನಾನು ನಿಜವಾಗಿಯೂ ನಂಬಿದ್ದೆ, ಅತ್ತೆ.

ಡಾಕ್ಟರಮ್ಮ ಮಾತ್ರ ಅಡುಗೆಯ ಮಾತೇ ಎತ್ತಲಿಲ್ಲ. ಹುಣ್ಣು ಮಾಡಿದ ಕ್ರಿಮಿಗಳು ಮೊದಲ ಔಷಧಿಗೆ ಸಾಯದೆ ಉಳಿದಿವೆ, ಉಳಿದವು ಇನ್ನಷ್ಟು ಹಟಮಾರಿಯಾಗಿವೆ, ಈ ಸಲ ಬೇರೆ ಮಾತ್ರೆ, ಇನ್ನೂ ಜೋರಾದದ್ದು ಅಂದರು. ಇದೂ ಕೆಲಸ ಮಾಡದಿದ್ದರೆ ಮುಂದೆ ಕೊಡಲು ಹೆಚ್ಚೇನೂ ಉಳಿದಿಲ್ಲ, ಹುಣ್ಣಿನಿಂದ ರಕ್ತ ಬರಲು ಶುರುವಾದರೆ ಪಾಸ್ತೋ ನಗರದ ಆಸ್ಪತ್ರೆಗೇ ಓಡಬೇಕು ಎಂದೂ ಸೇರಿಸಿದರು. ಸೆರ್ವಿಯೋ ನೆಲ ನೋಡುತ್ತಿದ್ದ. ಹೆದರಿದ್ದಾನೆ ಅಂದುಕೊಂಡೆ.

ಹೊಸ ಮಾತ್ರೆ ಶುರುವಾದ ಮರುದಿನ ಬೆಳಿಗ್ಗೆ ಅವನು ನನ್ನ ಕಾಫಿ ಗುಟುಕರಿಸಿ ಮುಖ ಕಿವುಚಿದ. "ಕಾಸು ಚಪ್ಪರಿಸಿದ ಹಾಗಿದೆ," ಅಂದ. ಮಾತ್ರೆ ತಿಂದರೆ ಬಾಯಿ ಲೋಹದಂತಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ಮೊದಲ ಸಲದ ಮಾತ್ರೆಗೂ ಅದನ್ನೇ ಹೇಳಿದ್ದರು. ಆದರೆ ಆಗ ಈ ಮನುಷ್ಯ ಬೆಳಗಿನ ಕಾಫಿಯನ್ನು ಒಂದು ಸಲವೂ ದೂರಿರಲಿಲ್ಲ. ಹೊಗಳಿ ಹೊಗಳಿ ಕುಡಿದಿದ್ದ, ನಾನು ಉಬ್ಬಿಹೋಗಿದ್ದೆ.

ಲೋಟ ಕೆಳಗಿಟ್ಟು, ಆಗ ಯಾಕೆ ಬಾಯಿ ಕೆಡಲಿಲ್ಲ ಎಂದು ಕೇಳಿದೆ. "ರುಚಿ ನೋಡೋ ದಿನ ಮಾತ್ರೆ ತಗೊಳ್ತಿರಲಿಲ್ಲ," ಅಂದ.

ಬೆಳೆಗಾರರ ಕಾಫಿಯ ರುಚಿ ನೋಡಿ ತೀರ್ಪು ಹೇಳುವುದೇ ಅವನ ಕೆಲಸ; ಕೊಯ್ಲಿನ ಕಾಲದಲ್ಲಿ ನಮ್ಮ ಬುವೆಸಾಕೋ ಊರಲ್ಲಿ ರುಚಿ ನೋಡದ ದಿನ ಯಾವುದಿರುತ್ತದೆ, ಅತ್ತೆ? ಮೊದಲ ಮಾತ್ರೆ ನುಂಗಿದ ದಿನವೇ ಮುದುಕ ಬೆಳೆಗಾರ ದೋನ್ ಸೆಗುಂಡೋನ ಕಾಫಿ ಮೇಜಿಗೆ ಬಂದಿತ್ತಂತೆ. ಇವನ ನಾಲಿಗೆಗೆ ಬರೀ ಲೋಹ. ಕಾಫಿ ಚೆನ್ನಾಗಿಲ್ಲ ಅಂದುಬಿಟ್ಟ. ಮುದುಕ ಟೋಪಿ ಎತ್ತಿಕೊಂಡು ಹೋದ. ಆ ರಾತ್ರಿಯೆಲ್ಲ ಇವನಿಗೆ, ಕೆಟ್ಟದ್ದು ಕಾಫಿಯೋ ತನ್ನ ನಾಲಿಗೆಯೋ ಎಂಬುದೇ ಚಿಂತೆ. ಒಂದು ಮನೆಯ ವರ್ಷದ ದುಡಿಮೆ ತನ್ನ ಮಾತ್ರೆಯಿಂದ ಹಾಳಾಗಬಾರದೆಂದು ಮಾತ್ರೆಯನ್ನೇ ಬಿಟ್ಟ. ನನಗೆ ಸಿಟ್ಟು ಬಂತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಿದೆ.

ಹಾಗಾದರೆ ಹೋಗಿ ಬೆಳೆಗಾರರಿಗೆ ಹೇಳು ಅಂದೆ. ನಾಲಿಗೆ ಸತ್ತಿದೆ ಎಂದು ರುಚಿ ನೋಡುವವನೇ ಹೇಳಿದರೆ ಹಿಂದಿನ ತೀರ್ಪುಗಳನ್ನೂ ಯಾರು ನಂಬುತ್ತಾರೆ, ಈ ಊರಲ್ಲಿ ನನಗಿರುವುದು ಅದೊಂದೇ ಹೆಸರು ಅಂದ. ನನಗೆ ಇರುವುದು ನೀನೊಬ್ಬನೇ ಅಂದೆ.

ಮಧ್ಯಾಹ್ನ ನಾನು ಗಂಜಿ ಹೊತ್ತು ಹೋದಾಗ ಖರೀದಿ ಕೇಂದ್ರದಲ್ಲಿ ಬೆಳೆಗಾರರು ಗೋಡೆಗೆ ಒರಗಿ ಕಾಯುತ್ತಿದ್ದರು. ಕೆಟಲ್ ಕುದಿಯುತ್ತಿತ್ತು. ನಿಮ್ಮ ಮಗ ಚಮಚ ಕೈಲಿ ಹಿಡಿದು ನಿಂತಿದ್ದ. ನನ್ನನ್ನು ನೋಡಿದ, ಚಮಚ ಕೆಳಗಿಟ್ಟ, ಎಲ್ಲವನ್ನೂ ಹೇಳಿದ. ಹುಣ್ಣು, ಮಾತ್ರೆ, ಲೋಹ, ದೋನ್ ಸೆಗುಂಡೋನ ಕಾಫಿ, ಎಲ್ಲ. ಕಿವಿ ಕೆಂಪಾಗಿತ್ತು ಪಾಪ.

ಗೋಡೆ ಬಿಟ್ಟು ಮೊದಲು ಮುಂದೆ ಬಂದವನು ದೋನ್ ಸೆಗುಂಡೋನೇ. "ನಮ್ಮ ಕಾಫಿ ಗೋಣೀಲಿ ಕಾಯುತ್ತೆ ಮಗಾ. ನಿನ್ನ ಹೊಟ್ಟೆ ಕಾಯಲ್ಲ. ಮಾತ್ರೆ ಮುಗಿಸ್ಕೊಂಡು ಬಾ," ಅಂದ.

ಉಳಿದವರೂ ಮಾದರಿ ಚೀಲಗಳನ್ನು ಕಪಾಟಿನಲ್ಲಿ ಬಿಟ್ಟರು. ಆದರೆ ನೀರು ಕುದಿದಾಗಿತ್ತಲ್ಲ. ಒಳ್ಳೆಯ ಬೀಜವನ್ನೆಲ್ಲ ಮಾರಿ ಆರಿಸಿ ಎಸೆದ ಬೀಜವನ್ನೇ ಬೆಲ್ಲ ಹಾಕಿ ಕುಡಿಯುವವರು ಇವರು. ತಾವು ಬೆಳೆದ ಕಾಫಿ ಹೇಗಿರುತ್ತದೆಂದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಕಪಾಟಿನ ಹೊಸ ಹಳೆಯ ಮಾದರಿಗಳನ್ನು ಒಂದಿಷ್ಟು ಲೋಟಗಳಿಗೆ ಹಾಕಿ, ಯಾವ ಲೋಟ ಯಾರದೆಂದು ಹೇಳದೆ ಸೆರ್ವಿಯೋ ಎಲ್ಲರ ಕೈಗೂ ಚಮಚ ಕೊಟ್ಟ. ಸೊರ್ರನೆ ಹೀರುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ದೋನ್ ಸೆಗುಂಡೋ ಒಂದು ಲೋಟಕ್ಕೆ ಬಂದು ಥೂ ಎಂದು ಉಗುಳಿ, "ಯಾವನಪ್ಪಾ ಈ ಸೋಮಾರಿ, ಒದ್ದೆ ನೆಲದ ಮೇಲೆ ಒಣಗಿಸಿದಾನೆ," ಅಂದ. ಅದು ಅವನದೇ. ಹಿಂದಿನ ಸಲ ಸೆರ್ವಿಯೋ ಚೆನ್ನಾಗಿಲ್ಲ ಅಂದಿದ್ದ ಗೋಣಿಯದೇ. ಎಲ್ಲರೂ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕರು, ಮುದುಕನೂ ನಕ್ಕ. ಸೆರ್ವಿಯೋ ಮಾತ್ರ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡ. ನಾನು ನೋಡಿದೆ.

ಆಮೇಲೆ ಒಂದು ಮಾತ್ರೆಯೂ ತಪ್ಪಲಿಲ್ಲ. ಬಾಯಿ ಕಹಿಯಾಗಿ ಸಿಡುಕಿದ, ಊಟ ತಳ್ಳಿದ, ನನ್ನ ಮುತ್ತಿಗೂ ಲೋಹದ ರುಚಿಯೆಂದ. ಅದಕ್ಕೊಂದು ದಿನ ಮಾತು ಬಿಟ್ಟೆ. ಮೊನ್ನೆ ಮತ್ತೆ ಉಸಿರು ಊದಿಸಿ ಪರೀಕ್ಷೆ ಮಾಡಿದರು. ಇಗೋ ಸುದ್ದಿ: ಕ್ರಿಮಿ ಒಂದೂ ಇಲ್ಲ. ನಿಮ್ಮ ಮಗ ಆಸ್ಪತ್ರೆಯ ಅಂಗಳದಲ್ಲೇ ನನ್ನನ್ನು ಎತ್ತಿ ತಿರುಗಿಸಿದ, ಕಾವಲುಗಾರ ಗದರಿದ.

ಇನ್ನು ಕಾಗದ ಬರೆದ ಕಾರಣ. ಈ ಕ್ರಿಮಿ ಚಿಕ್ಕಂದಿನಲ್ಲಿ ಮನೆಯೊಳಗೇ, ಒಬ್ಬರಿಂದ ಒಬ್ಬರಿಗೆ ಅಂಟುತ್ತದಂತೆ. ಮನೆಯವರಲ್ಲಿ ಯಾರಿಗಾದರೂ ಹೊಟ್ಟೆ ಉರಿ ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ನೀವು ಊಟವಾದ ಮೇಲೆ ಪಕ್ಕೆಲುಬಿನ ಕೆಳಗೆ ಕೈಯೊತ್ತಿ, ಸೋಡಾಪುಡಿ ಕಲಸಿದ ನೀರನ್ನು ಯಾರಿಗೂ ಕಾಣದಂತೆ ಕುಡಿಯುವುದನ್ನು ನಮ್ಮ ಮದುವೆಯ ದಿನವೇ ನಾನು ಕಂಡಿದ್ದೆ. ವಯಸ್ಸಾಯಿತು, ಅಷ್ಟೇ ಅನ್ನುತ್ತೀರಿ, ಗೊತ್ತು. ಆದರೂ ಬನ್ನಿ. ಪರೀಕ್ಷೆ ಮಾಡಿಸೋಣ. ಮಾತ್ರೆ ಬೇಕಾಗಿ ಬಂದರೆ ಮುಗಿಯುವವರೆಗೂ ನಮ್ಮಲ್ಲೇ ಇರಿ. ಬಾಯಿ ಲೋಹವಾದಾಗ ನನ್ನ ಅಡುಗೆಯನ್ನು ಮನಸಾರೆ ಬೈಯಿರಿ. ಒಂದು ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಮಾತ್ರೆಯೇ ಮಾತಾಡಿಸುತ್ತಿದೆ ಅಂದುಕೊಳ್ಳುತ್ತೇನೆ.

ಕಿಟಕಿಯಿರುವ ಕೋಣೆ ನಿಮಗೇ. ಹರಸಬೇಕಾದವರು ನೀವು, ಆದರೂ ಈ ಒಂದು ಸಲ ಚಿಕ್ಕವಳ ಬಾಯಿಂದ ಬರಲಿ: ನಿಮ್ಮ ಹೊಟ್ಟೆ ತಣ್ಣಗಿರಲಿ, ಅತ್ತೆ.

ಬಸ್ಸಿನ ಹತ್ತಿರ ಕಾಯಲಿರುವ,
ನಿಮ್ಮ ಸೊಸೆ
ಯಾಮಿಲೆ